ಪಾಚಿ ಪುಡಿ ತಿನ್ನುವ ಮೊದಲು ಥೈರಾಯ್ಡ್ ನೋಡಿಕೊಳ್ಳಿ

ಮಾನ್ಯ ಸಂಪಾದಕರೇ,

ಕಡಲಪಾಚಿಯ ನಾರು ಕರುಳಿನ ಬ್ಯಾಕ್ಟೀರಿಯಾವನ್ನು ಬದಲಿಸಿ ಬೊಜ್ಜು ಇಳಿಸುತ್ತದೆ ಎಂಬ ಬರಹ ನಿಮ್ಮ ಆರೋಗ್ಯ ಪುಟದಲ್ಲಿ ಬಂದಿತ್ತು. ಚೆನ್ನಾಗಿಯೇ ಇತ್ತು. ಆದರೆ ಥೈರಾಯ್ಡ್ ಬಗ್ಗೆ ಒಂದು ಸಾಲೂ ಇರಲಿಲ್ಲ. ಮಲ್ಪೆಯಲ್ಲಿ ಮೆಡಿಕಲ್ ಅಂಗಡಿ ನಡೆಸುವ ನನಗೆ ಈಗ ಅದೇ ತಲೆನೋವು.

ಮೀನು ಮಾರುವ ಅಕ್ಕ ಒಬ್ಬರು ಆ ಪೇಪರಿನ ತುಂಡು ಮಡಚಿ ತಂದಿದ್ದರು. ಜೊತೆಗೆ ಮಗ ಆನ್‌ಲೈನಿನಲ್ಲಿ ತರಿಸಿಕೊಟ್ಟ ಡಬ್ಬಿ. "ನಮ್ಮ ಬಲೆಗೆ ಸಿಕ್ಕಿ ಉಪದ್ರ ಕೊಡುವ ಪಾಚಿಯೇ ಅಲ್ವಾ ಇದು? ಇದಕ್ಕೆ ಇಷ್ಟು ರೇಟಾ?" ಎಂದು ನಕ್ಕರು. ನಾನು ಲೇಬಲ್ ನೋಡಿದೆ. ಕೆಲ್ಪ್ ಎಂಬ ಕಂದು ಕಡಲಪಾಚಿಯ ಪುಡಿ. ಅಯೋಡಿನ್ ಎಷ್ಟಿದೆ ಎಂದು ಎಲ್ಲೂ ಬರೆದಿಲ್ಲ. ಆ ಅಕ್ಕ ದಿನಾ ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗುವವರು.

ನಿಮ್ಮ ಬರಹ ಹೇಳಿದ್ದು ಆಲ್ಜಿನೇಟ್ ಬಗ್ಗೆ. ಅದು ಕಂದು ಪಾಚಿಯಿಂದ ತೆಗೆದು ಶುದ್ಧ ಮಾಡಿದ ನಾರು. ಡಬ್ಬಿಯಲ್ಲಿದ್ದದ್ದು ಇಡೀ ಪಾಚಿಯನ್ನು ಒಣಗಿಸಿ ಮಾಡಿದ ಪುಡಿ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕು. ಕೆಲವು ಜಾತಿಯ ಒಣ ಕೆಲ್ಪ್‌ನಲ್ಲಿ ಒಂದೇ ಗ್ರಾಂಗೆ 1000 ಮೈಕ್ರೋಗ್ರಾಂ ದಾಟುತ್ತದೆ. ಉಪ್ಪಿನಲ್ಲಿ, ಮೀನಿನಲ್ಲಿ ಸಿಗುವ ಅಯೋಡಿನ್ ಇದರ ಮೇಲೆ. ಜಾಸ್ತಿಯಾದರೆ ಥೈರಾಯ್ಡ್ ಏರುಪೇರಾಗಬಹುದು. ಸಾಲದ್ದಕ್ಕೆ ನಾರಿನ ಪುಡಿ ಯಾವುದೇ ಇರಲಿ, ಇಸಬ್‌ಗೋಲ್ ಆದರೂ, ಥೈರಾಯ್ಡ್ ಮಾತ್ರೆಯ ಜೊತೆಗೇ ತೆಗೆದುಕೊಂಡರೆ ಮಾತ್ರೆ ಸರಿಯಾಗಿ ಮೈಗೆ ಹತ್ತದಿರಬಹುದು. ನಡುವೆ 4 ಗಂಟೆ ಬಿಡಿ ಎಂದು ನಾವು ಹೇಳುವುದು ಅದಕ್ಕೇ.

ಆಲ್ಜಿನೇಟ್ ನಮಗೆ ಹೊಸತಲ್ಲ. ಎದೆಯುರಿಗೆ ಕೊಡುವ ಕೆಲವು ಸಿರಪ್ಪುಗಳಲ್ಲಿ ಅದೇ ಇರುವುದು. ಹೊಟ್ಟೆಯ ಆಸಿಡ್ ತಾಗಿದ ಕೂಡಲೇ ಗಂಜಿಯ ಕೆನೆಯ ಹಾಗೆ ದಪ್ಪಗಾಗಿ ಮೇಲೆ ತೇಲುತ್ತದೆ. ಅದನ್ನು ಕುಡಿದು ಸಪೂರ ಆದವರನ್ನು ನಾನಂತೂ ನೋಡಿಲ್ಲ. ಪ್ರಮಾಣ ಕಮ್ಮಿ, ಸರಿ. ಜಾಸ್ತಿ ಕೊಟ್ಟು ನೋಡಿದವರೂ ಇದ್ದಾರೆ. 2012ರಲ್ಲಿ ಡೆನ್ಮಾರ್ಕಿನಲ್ಲಿ ದಪ್ಪ ಇದ್ದ 96 ಜನರ ಮೇಲೆ ಪ್ರಯೋಗ ನಡೆಯಿತು. ಅರ್ಧ ಜನಕ್ಕೆ ದಿನಕ್ಕೆ ಮೂರು ಹೊತ್ತು ಆಲ್ಜಿನೇಟ್ ಪಾನೀಯ, ಉಳಿದವರಿಗೆ ಆಲ್ಜಿನೇಟ್ ಇಲ್ಲದ, ಬರೀ ಹೆಸರಿಗೊಂದು ಪಾನೀಯ. ಊಟ ಎಲ್ಲರಿಗೂ ಕಮ್ಮಿ. ಎಲ್ಲರನ್ನೂ ಲೆಕ್ಕ ಹಾಕಿದರೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. 12 ವಾರ ಪೂರ್ತಿ ಮುಗಿಸಿದ 80 ಜನರಲ್ಲಿ ಮಾತ್ರ ಆಲ್ಜಿನೇಟ್ ಕುಡಿದವರು 6.78 ಕಿಲೋ, ಉಳಿದವರು 5.04 ಕಿಲೋ ಇಳಿದಿದ್ದರು. ಅಷ್ಟೇ.

ಬ್ಯಾಕ್ಟೀರಿಯಾದ ಮಾತು ಸುಳ್ಳಲ್ಲ. ನಮ್ಮಿಂದ ಅರಗದ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಹುದುಗಿಸುತ್ತವೆ. ಅದರಿಂದ ಬರುವ ಆಮ್ಲಗಳು ಜಿಎಲ್‌ಪಿ-1ನಂಥ, ಹೊಟ್ಟೆ ತುಂಬಿತು ಎನ್ನುವ ಹಾರ್ಮೋನುಗಳನ್ನು ಎಬ್ಬಿಸುತ್ತವೆ. ಈಗ ಎಲ್ಲರ ಬಾಯಲ್ಲಿರುವ ತೂಕ ಇಳಿಸುವ ಇಂಜೆಕ್ಷನ್ ನಕಲು ಮಾಡುವುದೂ ಇದೇ ಹಾರ್ಮೋನನ್ನು. ಆದರೆ ಎಲ್ಲರ ಕರುಳಲ್ಲೂ ಒಂದೇ ಬ್ಯಾಕ್ಟೀರಿಯಾ ಇಲ್ಲವಲ್ಲ! ಸುಶಿಗೆ ಸುತ್ತುವ ನೋರಿ ಪಾಚಿಯನ್ನು ಅರಗಿಸುವ ಜೀನು ಕಡಲಿನ ಬ್ಯಾಕ್ಟೀರಿಯಾದಿಂದ ಜಪಾನೀಯರ ಕರುಳಿನ ಬ್ಯಾಕ್ಟೀರಿಯಾಕ್ಕೆ ಬಂದು ಸೇರಿದೆ ಎಂದು 2010ರಲ್ಲಿ ವಿಜ್ಞಾನಿಗಳು ತೋರಿಸಿದರು. ಅಮೆರಿಕನ್ನರಲ್ಲಿ ಹುಡುಕಿದಾಗ ಅದು ಸಿಗಲಿಲ್ಲ. ಜಪಾನೀಯರು ತಲೆಮಾರುಗಳಿಂದ ಪಾಚಿ ತಿಂದವರು. ನಾವು ಕೈರಂಪಣಿ ಬಲೆ ಎಳೆದು ಮೀನು ಹೆಕ್ಕಿ ಪಾಚಿ ಬಿಸಾಡಿದವರು. ನಾರೇ ಬೇಕಿದ್ದರೆ ಹುರುಳಿ, ಬಾಳೆದಿಂಡು, ಅಲಸಂಡೆ ಇಲ್ಲೇ ಸಂತೆಯಲ್ಲಿದೆ, ರೇಟೂ ಕಮ್ಮಿ.

ಇಂಥ ಬರಹ ಹಾಕುವಾಗ ಪ್ರಯೋಗ ಇಲಿಯ ಮೇಲೋ ಮನುಷ್ಯರ ಮೇಲೋ, ಎಷ್ಟು ಪ್ರಮಾಣ, ಯಾರು ತಿನ್ನಬಾರದು ಎಂಬುದನ್ನೂ ದಯವಿಟ್ಟು ಹಾಕಿ. ಪಾಚಿ ಪುಡಿಯ ಡಬ್ಬಿಯ ಮೇಲೆ ಒಂದು ಚಮಚಕ್ಕೆ ಅಯೋಡಿನ್ ಎಷ್ಟು ಎಂದು ಬರೆಯಲೇಬೇಕೆಂದು ಆಹಾರ ಸುರಕ್ಷತೆಯವರು ಹಟ ಹಿಡಿಯಲಿ. ಥೈರಾಯ್ಡ್ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ ಎಂದು ಮುಂದಿನ ಆರೋಗ್ಯ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿದರೆ ಕತ್ತರಿಸಿ ನಮ್ಮ ಕೌಂಟರಿನ ಗಾಜಿಗೆ ಅಂಟಿಸುತ್ತೇನೆ.

– ಫಾರ್ಮಸಿಸ್ಟ್, ಮಲ್ಪೆ