ಸಿಎನ್‌ಸಿ ರೂಟರ್: ಕಬ್ಬಿಣ ಕತ್ತರಿಸುವ ಮುಂಚೆ ಕಾಗದದ ಮೇಲೆ ಕಟ್ಟಿ

ಮಾನ್ಯ ಸಂಪಾದಕರೇ,

ಸಾಗರ, ಸೊರಬದ ಕೆತ್ತನೆ ಕೆಲಸದವರಲ್ಲೂ ತೀರ್ಥಹಳ್ಳಿ, ಹೊಸನಗರದ ಕಡೆ ಬಾಗಿಲು-ಕಿಟಕಿ ಮಾಡುವ ಬಡಗಿಗಳಲ್ಲೂ ಸಿಎನ್‌ಸಿ ರೂಟರ್ ಮೆಷಿನನ್ನು (ಕಂಪ್ಯೂಟರು ಹೇಳಿದಂತೆ ಮರ ಕೆತ್ತುವ ಯಂತ್ರ) ತಾವೇ ಕಟ್ಟಿಕೊಳ್ಳುವ ಹುಮ್ಮಸ್ಸು ಇದೆ. ಒಳ್ಳೆಯದೇ. ಆದರೆ ಹೆಚ್ಚಿನವರು ಮೊದಲು ಮೋಟಾರು ತರಿಸುತ್ತಾರೆ, ಆಮೇಲೆ ಸ್ಪಿಂಡಲ್ (ಕೊರೆಯುವ ಬಿಟ್ಟನ್ನು ತಿರುಗಿಸುವ ಭಾಗ), ಕೊನೆಗೆ ಉಳಿದ ದುಡ್ಡಿನಲ್ಲಿ ಚೌಕಟ್ಟು. ಈ ಕ್ರಮ ತಲೆಕೆಳಗು. ಮೆಷಿನ್ ಕಟ್ಟಲು ಹೊರಟವರು ಕನಿಷ್ಠ ಒಂದು ತಿಂಗಳು ಕಾಗದ, ಪೆನ್ಸಿಲ್, ಕ್ಯಾಲ್ಕುಲೇಟರ್ ಹಿಡಿದು ಕೂರಬೇಕು ಎಂದು ಒತ್ತಿ ಹೇಳಲು ಈ ಪತ್ರ.

ಮೊದಲು ತೀರ್ಮಾನವಾಗಬೇಕಾದ್ದು ಯಾವ ಮರ, ಎಷ್ಟು ಅಗಲ, ಎಷ್ಟು ಆಳ ಎಂಬುದು. ಎಲ್ಲರಿಗೂ ಎಂಟಡಿ-ನಾಲ್ಕಡಿ ಪ್ಲೈವುಡ್ ಹಾಳೆ ಪೂರ್ತಿ ಹಿಡಿಸುವ ಮೆಷಿನ್ ಬೇಕು. ಅಂದರೆ 2440 × 1220 ಮಿ.ಮೀ. ಮೊದಲ ಮೆಷಿನ್‌ಗೆ ಇದು ಬೇಡ. 900 × 600 ಮಿ.ಮೀ. ಕೊರೆಯುವ ಜಾಗ ಇಟ್ಟುಕೊಂಡು, ಬೆಡ್ಡಿನ (ಹಲಗೆ ಇಡುವ ಮೇಜಿನ) ಹಿಂದೆ ಮುಂದೆ ಅಡ್ಡಪಟ್ಟಿ ಬರದಂತೆ ತೆರೆದಿಟ್ಟರೆ ಅಗಲ 600ರ ಒಳಗಿರುವ ಎಷ್ಟುದ್ದದ ಹಲಗೆಯನ್ನಾದರೂ ಹಂತಹಂತವಾಗಿ ಮುಂದಕ್ಕೆ ಸರಿಸಿ ಕೆತ್ತಬಹುದು. ಪ್ರತಿ ಹಂತಕ್ಕೂ ಎರಡು ಡೋವೆಲ್ ತೂತು ಗುರುತಿಗೆ ಇದ್ದರಾಯಿತು. ಈ ತೆರೆದ ಬಾಯಿ ನಕ್ಷೆಯಲ್ಲೇ ಇರಬೇಕು, ವೆಲ್ಡಿಂಗ್ ಆದ ಮೇಲೆ ತೆಗೆಯಲಾಗುವುದಿಲ್ಲ. ಹಾಗೆಯೇ ಕೊರೆಯುವ ಜಾಗ ಬೇರೆ, ಮೆಷಿನ್ನಿನ ಅಳತೆ ಬೇರೆ. ಕ್ಯಾರೇಜ್ (ಸ್ಪಿಂಡಲ್ ಹೊತ್ತು ಓಡಾಡುವ ಭಾಗ), ಸ್ಪಿಂಡಲ್, ಮೋಟಾರುಗಳಿಗೆ ಪ್ರತಿ ದಿಕ್ಕಿನಲ್ಲೂ ಸುಮಾರು 300 ಮಿ.ಮೀ. ಹೆಚ್ಚು ಹಿಡಿಯಬೇಕು.

ಆಳದ ಲೆಕ್ಕದಲ್ಲಿ ಎಡವುವವರೇ ಜಾಸ್ತಿ. 60 ಮಿ.ಮೀ. ದಪ್ಪದ ಹಲಸಿನ ಹಲಗೆಯಲ್ಲಿ 40 ಮಿ.ಮೀ. ಆಳದ ಹೂಬಳ್ಳಿ ಕೆತ್ತಬೇಕು ಅಂದುಕೊಳ್ಳಿ. ಕೊರೆಯುವ ಬಿಟ್ಟು ಕೊಲೆಟ್ಟಿನಿಂದ (ಬಿಟ್ಟನ್ನು ಕಚ್ಚಿ ಹಿಡಿಯುವ ಬಾಯಿ) ಕನಿಷ್ಠ 50 ಮಿ.ಮೀ. ಹೊರಗಿರಬೇಕು, ಹಲಗೆಯ ಮೇಲೆ ಓಡಾಡುವಾಗ ಇನ್ನು 10 ಮಿ.ಮೀ. ಸಂದು ಬೇಕು. ಅಲ್ಲಿಗೆ ಕೊಲೆಟ್ಟಿನ ತುದಿ ಬೆಡ್ಡಿನಿಂದ 120 ಮಿ.ಮೀ. ಮೇಲೆ ಏರಬೇಕಾಯಿತು. ಆದರೆ ‘ಇರಲಿ’ ಎಂದು 250, 300 ಇಡಬೇಡಿ. ಗ್ಯಾಂಟ್ರಿಯ (ಬೆಡ್ಡಿನ ಮೇಲೆ ಸೇತುವೆಯಂತೆ ನಿಂತು ಸ್ಪಿಂಡಲ್ ಹೊರುವ ಚೌಕಟ್ಟು) ಕಾಲು ಎತ್ತರವಾದಷ್ಟೂ ಬಿಟ್ಟಿನ ತುದಿಗೆ ಬೀಳುವ ಒತ್ತಡ ಉದ್ದನೆಯ ಸಲಾಕೆ ಹಾಕಿ ಮೀಟಿದ ಹಾಗೆ ಗ್ಯಾಂಟ್ರಿಯನ್ನು ತಿರುಚುತ್ತದೆ. ಮರದ ಮೇಲೆ ಅಲೆಅಲೆ ಗೆರೆ ಮೂಡುವುದು ಹೆಚ್ಚಾಗಿ ಇದರಿಂದಲೇ.

ಇನ್ನು ಗ್ಯಾಂಟ್ರಿಯ ತೊಲೆ. ಅಗ್ಗವೆಂದು 20 ಮಿ.ಮೀ.ನ ಎರಡು ಉಕ್ಕಿನ ರಾಡುಗಳನ್ನು ಎರಡು ತುದಿಯಲ್ಲಷ್ಟೇ ಹಿಡಿದು ಅದರ ಮೇಲೆ ಸ್ಪಿಂಡಲ್ ಓಡಿಸುವ ವಿನ್ಯಾಸ ಬಹಳ ಚಾಲ್ತಿಯಲ್ಲಿದೆ. ಲೆಕ್ಕ ಹಾಕಿ ನೋಡಿ. ಒಂದು ಮೀಟರ್ ಉದ್ದ, ನಡುವೆ 10 ಕೆ.ಜಿ. ಭಾರ. ಆ ಎರಡು ರಾಡುಗಳು ನಡುವೆ ಸುಮಾರು 0.65 ಮಿ.ಮೀ. ಬಾಗುತ್ತವೆ. ರಾಡು 16 ಮಿ.ಮೀ. ಆದರೆ ಬಾಗು 1.6 ಮಿ.ಮೀ. ಅದೇ ಜಾಗಕ್ಕೆ 80 × 80 × 4 ಮಿ.ಮೀ.ನ ಎಂ.ಎಸ್. (ಮೆದು ಉಕ್ಕಿನ) ಚೌಕ ಪೈಪು ಹಾಕಿದರೆ ಬಾಗು 0.01 ಮಿ.ಮೀ.ಗಿಂತ ಕಡಿಮೆ. ಮೀಟರಿಗೆ ಒಂಬತ್ತೂವರೆ ಕೆ.ಜಿ. ತೂಗುವ ಈ ಪೈಪು ಯಾವ ಕಬ್ಬಿಣದ ಅಂಗಡಿಯಲ್ಲೂ ಸಿಗುವಂಥದ್ದು. ಉದ್ದ ಇಮ್ಮಡಿಯಾದರೆ ಬಾಗು ಎಂಟು ಪಟ್ಟು ಆಗುತ್ತದೆ ಎಂಬುದನ್ನೂ ಮರೆಯಬೇಡಿ, ದೊಡ್ಡ ಮೆಷಿನ್ ಬೇಡ ಎಂದದ್ದು ಅದಕ್ಕೇ. ಅಲ್ಯೂಮಿನಿಯಂ ಹಗುರ, ನೋಡಲೂ ಚಂದ, ಆದರೆ ಅದೇ ಆಕಾರಕ್ಕೆ ಉಕ್ಕಿನ ಮೂರನೇ ಒಂದು ಪಾಲು ಬಿಗಿ ಮಾತ್ರ ಅದಕ್ಕಿದೆ.

ಈ ಪೈಪಿನ ಮೇಲೆ 20 ಮಿ.ಮೀ. ಅಗಲದ ಲೀನಿಯರ್ ಗೈಡ್ (ನೇರ ಓಡಿಸುವ ಹಳಿ), ಒಂದೊಂದು ಗೈಡಿಗೆ ಅದರ ಮೇಲೆ ಜಾರುವ ಎರಡೆರಡು ಬ್ಲಾಕ್. ಬ್ಲಾಕುಗಳ ನಡುವೆ ಅಂತರ ಆದಷ್ಟು ಅಗಲವಿರಲಿ. ವೆಲ್ಡಿಂಗ್ ಮಾಡಿದ ಪೈಪು ನೇರ ಉಳಿಯುವುದಿಲ್ಲ, ಬಿಸಿಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಮೊದಲು ಟ್ಯಾಕ್ (ಅಲ್ಲಲ್ಲಿ ಚಿಕ್ಕ ಬೆಸುಗೆ) ಹಾಕಿ, ಎದುರುಬದುರು ಸ್ವಲ್ಪಸ್ವಲ್ಪವೇ ತುಂಬುತ್ತಾ ಹೋಗಿ, ಗೈಡ್ ಕೂರುವ ಮೈಯನ್ನು ಕೊನೆಗೆ ಮಿಲ್ಲಿಂಗ್ (ಮೆಷಿನ್ನಿನಲ್ಲಿ ಸವರಿ ಮಟ್ಟ) ಮಾಡಿಸಬೇಕು. ಮಾಚೇನಹಳ್ಳಿಯಂಥ ಕೈಗಾರಿಕಾ ಪ್ರದೇಶಗಳಲ್ಲಿ ಜಾಬ್‌ವರ್ಕ್ ಮಾಡುವವರನ್ನು ವಿಚಾರಿಸಿ, ಅವರ ಮೆಷಿನ್ ಟೇಬಲ್ ಎಷ್ಟುದ್ದ ಹಿಡಿಯುತ್ತದೆ ಎಂದು ತಿಳಿದೇ ಪೈಪಿನ ಉದ್ದ ನಿಶ್ಚಯಿಸಿ. ಮಿಲ್ಲಿಂಗ್ ಸಿಗದಿದ್ದರೆ ನಿಧಾನವಾಗಿ ಗಟ್ಟಿಯಾಗುವ ತೆಳು ಎಪಾಕ್ಸಿ ಸುರಿದು ತಾನೇ ಮಟ್ಟವಾಗಲು ಬಿಡುವ ಉಪಾಯವೂ ಇದೆ. ಮಲೆನಾಡಿನಲ್ಲಿ ಇದನ್ನು ಬೇಸಿಗೆಯಲ್ಲೇ ಮುಗಿಸಬೇಕು. ಮಳೆಗಾಲದ ತೇವಕ್ಕೆ ಎಪಾಕ್ಸಿಯ ಮೇಲೆ ಅಂಟಂಟು ಪೊರೆ ಕಟ್ಟುತ್ತದೆ.

ಮೋಟಾರು ತಿರುಗಿದಾಗ ಕ್ಯಾರೇಜನ್ನು ಸರಿಸುವ ಸ್ಕ್ರೂ ವಿಚಾರಕ್ಕೆ ಬಂದರೆ, 16 ಮಿ.ಮೀ. ದಪ್ಪ, ಒಂದು ಸುತ್ತು ತಿರುಗಿದರೆ 5 ಮಿ.ಮೀ. ಸರಿಯುವ 1605 ಬಾಲ್ ಸ್ಕ್ರೂ ಒಂದು ಮೀಟರ್ ತನಕ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ಉದ್ದವಾದರೆ ವೇಗದಲ್ಲಿ ಹಗ್ಗ ತಿರುವಿದಂತೆ ಬೀಸತೊಡಗುತ್ತದೆ. 1400 ಮಿ.ಮೀ. ಉದ್ದಕ್ಕೆ, ಒಂದು ತುದಿ ಬಿಗಿ, ಇನ್ನೊಂದು ತುದಿ ಬೇರಿಂಗಿನಲ್ಲಿ ಇದ್ದಾಗ, ಸುರಕ್ಷಿತ ಮಿತಿ ನಿಮಿಷಕ್ಕೆ ಸುಮಾರು 1000 ಸುತ್ತು. ಉದ್ದ ಇನ್ನೂ ಹೆಚ್ಚಿದರೆ ರ‍್ಯಾಕ್ ಮತ್ತು ಪಿನಿಯನ್ (ಹಲ್ಲಿನ ಪಟ್ಟಿ, ಹಲ್ಲಿನ ಚಕ್ರ) ಹಾಕುವುದೇ ಸರಿ.

ಮೋಟಾರು ದೊಡ್ಡದಾದಷ್ಟೂ ಒಳ್ಳೆಯದು ಎನ್ನುವುದು ತಪ್ಪು ತಿಳಿವಳಿಕೆ. ಇದೇ ಸ್ಕ್ರೂಗೆ ಒಂದು ನ್ಯೂಟನ್ ಮೀಟರ್ ತಿರುಚುಬಲ ಕೊಟ್ಟರೆ ನೂರು ಕೆ.ಜಿ.ಗೂ ಮೀರಿದ ತಳ್ಳುಬಲ ಬರುತ್ತದೆ. ಮರಕ್ಕೆ ಅಷ್ಟು ಧಾರಾಳ. ಹೆಜ್ಜೆಹೆಜ್ಜೆಯಾಗಿ ತಿರುಗುವ ದೊಡ್ಡ ಸ್ಟೆಪ್ಪರ್ ಮೋಟಾರಿನ ಸುರುಳಿಯಲ್ಲಿ ಇಂಡಕ್ಟನ್ಸ್ (ಕರೆಂಟು ಬೇಗ ಏರದಂತೆ ತಡೆಯುವ ಗುಣ) ಹೆಚ್ಚಿರುವುದರಿಂದ ವೇಗ ಏರಿದ ಹಾಗೆ ಬಲ ಬೇಗ ಕುಸಿದು ಸ್ಟೆಪ್ ತಪ್ಪುತ್ತದೆ. ಎರಡರಿಂದ ಮೂರು ನ್ಯೂಟನ್ ಮೀಟರಿನ ನೆಮಾ 23 ಅಳತೆಯ ಮೋಟಾರು, ಅದಕ್ಕೆ ಕರೆಂಟು ಹರಿಸುವ ಡಿಎಂ542 ಡ್ರೈವರ್, 36 ವೋಲ್ಟ್ ಸಪ್ಲೈ ಸಾಕು. ಆ ಡ್ರೈವರಿನ ಮಿತಿಯೇ 50 ವೋಲ್ಟ್. ಮೋಟಾರು ಗಕ್ಕನೆ ನಿಂತಾಗ ವಿದ್ಯುತ್ತು ಹಿಂದಕ್ಕೆ ನುಗ್ಗುತ್ತದೆ, ಆದ್ದರಿಂದ 48ಕ್ಕೆ ಕಟ್ಟುವುದು ಅಂಚಿನಲ್ಲಿ ನಡೆದಂತೆ. ಕಂಟ್ರೋಲರಿಗೂ ಲೆಕ್ಕವಿದೆ. ಆರ್ಡುಯಿನೊ ಯುನೊ ಎಂಬ ಚಿಕ್ಕ ಬೋರ್ಡಿನ ಮೇಲೆ ಓಡುವ ಜಿಆರ್‌ಬಿಎಲ್ ತಂತ್ರಾಂಶ ಸೆಕೆಂಡಿಗೆ ಸುಮಾರು 30,000 ಪಲ್ಸ್ ಕೊಡುತ್ತದೆ. ಮೈಕ್ರೋಸ್ಟೆಪ್ (ಒಂದು ಸ್ಟೆಪ್ಪನ್ನು ಎಷ್ಟು ಭಾಗ ಮಾಡುವುದು) 8 ಇಟ್ಟರೆ ಮಿ.ಮೀ.ಗೆ 320 ಪಲ್ಸ್, ವೇಗ ನಿಮಿಷಕ್ಕೆ 5600 ಮಿ.ಮೀ. ತನಕ. 16 ಇಟ್ಟರೆ ಅದರ ಅರ್ಧ. ಗ್ಯಾಂಟ್ರಿಯ ಎರಡೂ ಕಾಲಿಗೆ ಬೇರೆ ಬೇರೆ ಮೋಟಾರು ಹಾಕುವವರು ಎರಡನ್ನೂ ಬೇರೆ ಬೇರೆಯಾಗಿ ಹೋಮ್ ಮಾಡಬಲ್ಲ (ಆರಂಭದ ಬಿಂದುವಿಗೆ ತರಬಲ್ಲ) ಕಂಟ್ರೋಲರನ್ನೇ ಆರಿಸಲಿ.

ಈ ವೇಗ ಏಕೆ ಮುಖ್ಯ? 6 ಮಿ.ಮೀ. ಎರಡಲಗಿನ ಬಿಟ್ಟು ನಿಮಿಷಕ್ಕೆ 18,000 ಸುತ್ತುವಾಗ ಒಂದೊಂದು ಅಲಗು 0.1 ಮಿ.ಮೀ. ಸಿಪ್ಪೆ ತೆಗೆಯಬೇಕಾದರೆ ಫೀಡ್ (ಬಿಟ್ಟು ಮುಂದೆ ಸಾಗುವ ವೇಗ) ನಿಮಿಷಕ್ಕೆ 3600 ಮಿ.ಮೀ. ಇರಬೇಕು. ಮೆಷಿನ್ ತಾಳದೆಂದು 800ಕ್ಕೆ ಇಳಿಸಿದರೆ ಅಲಗು ಮರವನ್ನು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಹೊಟ್ಟು ಸಿಪ್ಪೆಯಾಗಿ ಬೀಳದೆ ಪುಡಿಯಾಗಿ ಹಾರುತ್ತದೆ, ಅಂಚು ಕಪ್ಪಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಬಿಟ್ಟು ನೀಲಿಗಟ್ಟುತ್ತದೆ. ಆಗ ಬಿಟ್ಟನ್ನು ಬೈಯುವವರೇ ಎಲ್ಲರೂ. ಒಂದಲಗಿನ ಬಿಟ್ಟು ಹಾಕಿ, ಸುತ್ತು ಇಳಿಸಿ, ಆಳ ಕಡಿಮೆ ಮಾಡಿ, ಫೀಡ್ ಮಾತ್ರ ತೀರಾ ಇಳಿಸಬೇಡಿ.

ಸ್ಪಿಂಡಲ್‌ಗೆ 1.5 ಕಿಲೋವ್ಯಾಟ್ ಸಾಕು. ಇಲ್ಲಿ ಒಂದೇ ಎಚ್ಚರ, ಆದರೆ ದುಬಾರಿಯದು. 24,000 ಸುತ್ತಿನ ಇಂಥ ಸ್ಪಿಂಡಲ್ 400 ಹರ್ಟ್ಸ್‌ಗೆ ಮಾಡಿದ್ದು, ಹೊಸ ವಿಎಫ್‌ಡಿ (ಸ್ಪಿಂಡಲಿನ ವೇಗ ಹತೋಟಿಯಲ್ಲಿಡುವ ಸಾಧನ) ಸಾಮಾನ್ಯವಾಗಿ 50 ಹರ್ಟ್ಸ್‌ಗೆ ಸೆಟ್ ಆಗಿ ಬರುತ್ತದೆ. ಬೇಸ್ ಫ್ರೀಕ್ವೆನ್ಸಿಯನ್ನೂ ಗರಿಷ್ಠ ಫ್ರೀಕ್ವೆನ್ಸಿಯನ್ನೂ 400ಕ್ಕೆ ಬದಲಿಸದೆ ಸ್ವಿಚ್ ಒತ್ತಿದರೆ ಸ್ವಲ್ಪ ಹೊತ್ತಿನಲ್ಲೇ ವೈಂಡಿಂಗ್ ಸುಟ್ಟುಹೋಗಬಹುದು.

ನಮ್ಮ ಕಡೆಯ ಕರೆಂಟು ನಕ್ಷೆಯಲ್ಲೇ ಜಾಗ ಕೇಳುತ್ತದೆ. ಕಂಪ್ಯೂಟರು, ಕಂಟ್ರೋಲರು, ಮೋಟಾರುಗಳಿಗೆ ಯುಪಿಎಸ್ ಕೊಟ್ಟು ಸ್ಪಿಂಡಲನ್ನು ನೇರ ಲೈನಿಗೆ ಕೊಟ್ಟರೆ, ಕರೆಂಟು ಹೋದಾಗ ಸ್ಪಿಂಡಲ್ ನಿಂತಿರುತ್ತದೆ, ಮೋಟಾರುಗಳು ತಳ್ಳುತ್ತಲೇ ಇರುತ್ತವೆ. ಬಿಟ್ಟು ಮುರಿಯುತ್ತದೆ, ಹಲಗೆ ಹಾಳಾಗುತ್ತದೆ. ಸ್ಪಿಂಡಲ್ ನಿಂತರೆ ಫೀಡ್ ಕೂಡ ನಿಲ್ಲುವಂತೆ ವಿಎಫ್‌ಡಿಯ ರಿಲೇಯನ್ನು ಕಂಟ್ರೋಲರಿನ ಹೋಲ್ಡ್ ಇನ್‌ಪುಟ್‌ಗೆ ಜೋಡಿಸಬೇಕು. ಹೋಮ್ ಸ್ವಿಚ್ಚುಗಳನ್ನು ಬೇಡವೆಂದು ಬಿಡಬೇಡಿ, ಮತ್ತೆ ಅದೇ ಬಿಂದುವಿಗೆ ಬರಲು ಅವೇ ದಾರಿ. ಅವುಗಳ ವೈರಿಂಗ್ ಸ್ವಿಚ್ ಮುಟ್ಟದಿದ್ದಾಗ ಕರೆಂಟು ಹರಿಯುವ ರೀತಿಯಲ್ಲಿರಲಿ, ತಂತಿ ತುಂಡಾದರೆ ತಕ್ಷಣ ಗೊತ್ತಾಗುತ್ತದೆ. ಸ್ಪಿಂಡಲ್‌ಗೆ ಶೀಲ್ಡ್ ಕೇಬಲ್, ಸಿಗ್ನಲ್ ತಂತಿಗಳಿಂದ ದೂರ. ಒಳ್ಳೆಯ ಅರ್ಥಿಂಗ್ ಇಲ್ಲದಿದ್ದರೆ ಲಿಮಿಟ್ ಸ್ವಿಚ್ ಮುಟ್ಟದೆಯೇ ಮೆಷಿನ್ ನಿಲ್ಲತೊಡಗುತ್ತದೆ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗುವುದರಿಂದ ಅರ್ಥ್ ಗುಂಡಿಗೆ ನೀರು ಹಾಕುತ್ತಿರಬೇಕು.

ತೇವದ ಮಾತು ಇನ್ನೊಂದಿಷ್ಟು. ಪ್ಲೈವುಡ್‌ನಲ್ಲಿ ಚೌಕಟ್ಟು ಕಟ್ಟುವ ವಿನ್ಯಾಸಗಳು ಒಣ ಊರಿನವು, ಇಲ್ಲಿಗೆ ಬೇಡ. ಬೆಡ್ಡಿನ ಮೇಲಿನ ಎಂಡಿಎಫ್ ಹಲಗೆ ಆಷಾಢದಲ್ಲಿ ಉಬ್ಬುತ್ತದೆ. ಅದನ್ನು ಮಳೆ ಹಿಡಿದ ಮೇಲೊಮ್ಮೆ, ಬಿಟ್ಟ ಮೇಲೊಮ್ಮೆ ಅರ್ಧ ಮಿ.ಮೀ. ಸವರಿ ಮಟ್ಟ ಮಾಡಬೇಕಾಗುತ್ತದೆ. ಹಾಗಾಗಿ ಹಲಗೆ ಹಿಡಿಯುವ ಬೋಲ್ಟಿನ ತಲೆಗಳು ಕನಿಷ್ಠ 8 ಮಿ.ಮೀ. ಕೆಳಗೆ ಹುದುಗಿರುವಂತೆ ಮೊದಲೇ ಗುರುತು ಹಾಕಿ.

ಜೋಡಿಸಿದ ಮೇಲೆ ಮೂಲೆಮಟ್ಟ ನೋಡಲು 1200 × 900ರ ಆಯತದ ನಾಲ್ಕು ಮೂಲೆಗೆ ತೂತು ಹೊಡೆದು ಕರ್ಣ ಅಳೆಯುತ್ತಾರೆ, ಎರಡೂ 1500 ಬರಬೇಕು. 900 × 600ರ ಮೆಷಿನ್ನಿಗೆ ಅದರ ಅರ್ಧ, 600 × 450 ಹಿಡಿದರೆ ಕರ್ಣ 750.

ಜಿಲ್ಲೆಯ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳಲ್ಲಿ ಒಂದು ವಿನಂತಿ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಸರ್ಫೇಸ್ ಪ್ಲೇಟ್, ಡಯಲ್ ಗೇಜ್ ಇರುವ ಕೋಣೆಯನ್ನು ಇಂಥವರಿಗೆ ತೆರೆದು, ನಕ್ಷೆ ನೋಡಿ ಹೇಳುವ ಒಬ್ಬ ಮೇಷ್ಟ್ರನ್ನು ಕೂರಿಸಲಿ. ಬರುವವರು ನಾಲ್ಕು ವಿಷಯ ಬರೆದುಕೊಂಡು ಬರಲಿ: ಕೊರೆಯುವ ಮರ ಮತ್ತು ಆಳ, ತೊಲೆಯ ಬಾಗಿನ ಲೆಕ್ಕ, ಸ್ಕ್ರೂವಿನ ಉದ್ದ ಮತ್ತು ಸುತ್ತು, ವೈರಿಂಗ್ ಚಿತ್ರ. ಮೋಟಾರಿನ ಬಿಲ್ಲು ಆಮೇಲೆ ಬರಲಿ.

— ಒಬ್ಬ ಮೆಷಿನ್ ಕೆಲಸದವ, ಸಾಗರ, ಶಿವಮೊಗ್ಗ ಜಿಲ್ಲೆ