ಪಾಯಕ್ಕೆ ಮುಂಚೆ ತಾತನ ಪಹಣಿ

ತಿಪಟೂರು

ಪ್ರೀತಿಯ ಪುಟ್ಟಾ,

ತೋಟದಲ್ಲಿ ಮನೆ ಕಟ್ಟಿಸುತ್ತೇನೆ ಅಂತ ನೀನು ಹೇಳಿದ ದಿನ ನನಗೆ ರಾತ್ರಿ ನಿದ್ದೆಯೇ ಬರಲಿಲ್ಲ, ಅಷ್ಟು ಖುಷಿ. ಆದರೆ ಮನೆ ಕಟ್ಟುವ ಲೈಸೆನ್ಸ್ ಆಮೇಲೆ ನೋಡೋಣ, ಮುಂದಿನ ತಿಂಗಳೇ ಪಾಯ ತೆಗೆಸುತ್ತೇನೆ ಅಂದೆಯಲ್ಲ, ಅದು ಮಾತ್ರ ಮನಸ್ಸಿಗೆ ಚುಚ್ಚುತ್ತಿದೆ. ಪಂಚಾಯಿತಿ ಕಾರ್ಯದರ್ಶಿಯಾಗಿ ಇಂಥ ಅರ್ಜಿ ಎಷ್ಟೋ ನೋಡಿದವಳು ನಾನು. ಸ್ವಲ್ಪ ಕೇಳು.

ಪಂಚಾಯಿತಿಗೆ ಅರ್ಜಿ ಹಾಕಿ, ನಕ್ಷೆ ಇಟ್ಟು, ಶುಲ್ಕ ಕಟ್ಟುವುದು ಕೊನೆಯ ಕೆಲಸ. ಜನ ಸಿಕ್ಕಿಕೊಳ್ಳುವುದು ಅದಕ್ಕೂ ಮೊದಲು. ತೋಟದ ಪಹಣಿ, ಅಂದರೆ ಜಮೀನಿನ ದಾಖಲೆ ತೆಗೆದು, ಮಾಲೀಕರ ಹೆಸರಿರುವ ಒಂಬತ್ತನೇ ಕಾಲಂ ನೋಡು. ಇವತ್ತಿಗೂ ನಿನ್ನ ತಾತನ ಹೆಸರೇ ಇದೆ. ಅವರು ಹೋದಮೇಲೆ ಪೌತಿ ಖಾತೆಯನ್ನು, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆಯನ್ನು, ಯಾರೂ ಮಾಡಿಸಲಿಲ್ಲ. ನಿಮ್ಮಪ್ಪ ಉಳುತ್ತಿದ್ದ, ಕಾಯಿ ಕೀಳಿಸುತ್ತಿದ್ದ, ಅಷ್ಟೇ ಸಾಕು ಅಂದುಕೊಂಡಿದ್ದೆವು.

ಈಗ ಮರಣ ಪ್ರಮಾಣ ಪತ್ರ, ವಂಶವೃಕ್ಷ ಇಟ್ಟು ಪೌತಿ ಖಾತೆ ಆಗಬೇಕು. ಆಗ ನಿಮ್ಮಪ್ಪನ ಜೊತೆ ನಮ್ಮ ಮೂವರು ಅಕ್ಕತಂಗಿಯರ ಹೆಸರೂ ಬರುತ್ತದೆ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ತಂದೆ ಅದಕ್ಕೆ ಮುಂಚೆ ತೀರಿಕೊಂಡಿದ್ದರೂ ಆ ಹಕ್ಕು ಹೋಗುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ನಾನು ಸಹಿ ಹಾಕುತ್ತೇನೆ, ಅದರ ಯೋಚನೆ ಬೇಡ. ಆದರೆ ದಾವಣಗೆರೆಯ ದೊಡ್ಡತ್ತೆಗೆ, ಹಾಸನದ ಚಿಕ್ಕತ್ತೆಗೆ ಯಾರ ಕೈಯಲ್ಲೋ ಕಾಗದ ಕಳಿಸಬೇಡ ಕಣೋ. ನೀನೇ ಹೋಗು. ಊಟಕ್ಕೆ ಕೂತು ಮಾತಾಡು. ಆ ತೆಂಗಿನ ಸಸಿಗಳಿಗೆ ಬಾವಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದವಳು ನಿನ್ನ ದೊಡ್ಡತ್ತೆ. ಅವಳು ಪಾಲು ಕೇಳಿದರೆ ಅದು ಅವಳ ಹಕ್ಕು, ಮುಖ ಸಣ್ಣ ಮಾಡಬೇಡ.

ಎಲ್ಲರೂ ಒಪ್ಪಿದಮೇಲೆ 11ಇ ನಕ್ಷೆಗೆ, ಅಂದರೆ ಯಾರ ಪಾಲು ಎಲ್ಲಿ ಅಂತ ತೋರಿಸುವ ಸರ್ವೆ ನಕ್ಷೆಗೆ, ಅರ್ಜಿ ಹಾಕಿ ಅಳತೆ ಮಾಡಿಸು. ಆಮೇಲೆ ವಿಭಾಗ ಪತ್ರ ರಿಜಿಸ್ಟರ್ ಆಗಲಿ. ಸರ್ವೇಯರ್ ಬಂದ ದಿನ ಪಕ್ಕದ ಹೊಲದವರನ್ನೂ ಕರೆದು ನಿಲ್ಲಿಸಿಕೋ. ನಮ್ಮ ಮನೆ ಕಟ್ಟುವಾಗ ನಿನ್ನ ಮಾವ ಬೇಲಿಯನ್ನೇ ಗಡಿ ಅಂದುಕೊಂಡರು. ಅಡುಗೆಮನೆ ಗೋಡೆ ಎರಡು ಅಡಿ ಪಕ್ಕದವರ ಜಾಗಕ್ಕೆ ಹೋಗಿತ್ತು. ಗೋಡೆ ಒಡೆದು ಕಟ್ಟಿದೆವು. ಆ ಮನೆಯವರ ಜೊತೆ ಮಾತು ಬಿಟ್ಟಿದ್ದು ಬಿಟ್ಟ ಹಾಗೇ ಇದೆ. ಇವತ್ತಿಗೂ ಅದು ನನ್ನನ್ನು ಕೊರೆಯುತ್ತದೆ.

ಪಹಣಿಯ ಮೂರನೇ ಕಾಲಂನಲ್ಲಿ ಖರಾಬು, ಅಂದರೆ ಬೇಸಾಯಕ್ಕೆ ಬಾರದ ಜಾಗ, ಎಷ್ಟು ಅಂತಲೂ ನೋಡು. ಬಿ ಖರಾಬು ಅಂದರೆ ಹಳ್ಳ, ದಾರಿ, ಸ್ಮಶಾನ ಇಂಥ ಸಾರ್ವಜನಿಕ ಜಾಗ. ಅದರ ಮೇಲೆ ಒಂದು ಕಲ್ಲೂ ಇಡುವ ಹಾಗಿಲ್ಲ.

ಇನ್ನು ಕನ್ವರ್ಷನ್, ಅಂದರೆ ಬೇಸಾಯದ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸಿಕೊಳ್ಳುವುದು. ಬೇಸಾಯಕ್ಕೆ ಬೇಕಾದ ತೋಟದ ಮನೆಗೆ 1964ರ ಭೂಕಂದಾಯ ಕಾಯಿದೆಯ 95ನೇ ಸೆಕ್ಷನ್ ಅವಕಾಶ ಕೊಡುತ್ತದೆ, ಅದಕ್ಕೂ ಮಿತಿ ಇದೆ. ಆದರೆ ನೀನು ಹೇಳಿದ್ದು ಹೋಂಸ್ಟೇ, ಬ್ಯಾಂಕ್ ಸಾಲ. ಅದಕ್ಕೆ ಮನೆ ಬರುವಷ್ಟು ಜಾಗವನ್ನು ಡಿಸಿ (ಜಿಲ್ಲಾಧಿಕಾರಿ) ಕಡೆಯಿಂದ ಕನ್ವರ್ಷನ್ ಮಾಡಿಸಿಕೊಳ್ಳುವುದೇ ಸರಿ. ಆಮೇಲೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ವ್ಯವಸ್ಥೆಯಾದ ಇ-ಸ್ವತ್ತಿನಲ್ಲಿ ಆಸ್ತಿ ದಾಖಲೆಗಳಾದ ನಮೂನೆ 9, 11ಎ ಸಿಗುತ್ತದೆ. ಬ್ಯಾಂಕಿನವರು ಕೇಳುವುದೂ ಅದನ್ನೇ. ಸರಿಯಾದ ಅನುಮೋದನೆ ಇಲ್ಲದ ಜಾಗಕ್ಕೆ ಕೊಡುವ ನಮೂನೆ 11ಬಿ ಮಾಡಿಸಿಕೊಡುತ್ತೇನೆ, ಸಾಕು ಅಂತ ಬ್ರೋಕರ್ ಹೇಳಿದರೆ ದುಡ್ಡು ಕೊಡಬೇಡ.

ತೋಟದ ಮೇಲೆ ಹಾದುಹೋಗುವ ಕರೆಂಟ್ ಲೈನ್ 11 ಕೆವಿಯದು. ತಂತಿಯಿಂದ ಗೋಡೆಗೆ ಪಕ್ಕಕ್ಕೆ ಕಡಿಮೆ ಅಂದರೂ 1.2 ಮೀಟರ್ ಬೇಕು, ಛಾವಣಿಯಿಂದ ಮೇಲಿನ ತಂತಿಗೆ 3.7 ಮೀಟರ್. ನಾನಾದರೆ ಇನ್ನೂ ದೂರ ಇಡುತ್ತೇನೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

ಇದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತದೆ. ಗಾರೆಯವರಿಗೆ ಈಗಲೇ ಅಡ್ವಾನ್ಸ್ ಕೊಡಬೇಡ. ಭಾನುವಾರ ಬಾ. ತಾತನ ಹಳೆಯ ಕ್ರಯಪತ್ರ, ಕಂದಾಯದ ರಸೀದಿಗಳು ನನ್ನ ಟ್ರಂಕಿನಲ್ಲೇ ಇವೆ, ತೆಗೆದಿಟ್ಟಿರುತ್ತೇನೆ. ದೊಡ್ಡತ್ತೆಗೆ ನಾನೇ ಫೋನ್ ಮಾಡಿ ನೀನು ಬರುವ ವಿಷಯ ಹೇಳಿರುತ್ತೇನೆ. ಅವಳಿಗೆ ಕೊಬ್ಬರಿ ಮಿಠಾಯಿ ಇಷ್ಟ, ಒಂದು ಡಬ್ಬ ಮಾಡಿಕೊಡುತ್ತೇನೆ, ತಗೊಂಡು ಹೋಗು.

ನಿನ್ನ ಅತ್ತೆ