ಆರೋಗ್ಯ ಸಚಿವರೇ, ಶುಗರ್ ಮಾತ್ರೆಯನ್ನು ಕಪಾಟು ನೋಡಿ ಬರೆಯುವುದು ನಿಲ್ಲಲಿ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಮ್ಮಮ್ಮನಿಗೆ 71 ವರ್ಷ. ಹದಿನೈದು ವರ್ಷದಿಂದ ಶುಗರ್ ಇದೆ. ಹೋದ ತಿಂಗಳು ಏಕಾದಶಿ ದಿನ ಉಪವಾಸ ಮಾಡಿದರು, ಆದರೆ ಮಾತ್ರೆ ತಪ್ಪಿಸಲಿಲ್ಲ. ರಾತ್ರಿ ಮೂರು ಗಂಟೆಗೆ ನೋಡಿದರೆ ಸೀರೆಯೆಲ್ಲ ಬೆವರಿಗೆ ಒದ್ದೆ. ಮಾತು ತೊದಲುತ್ತಿತ್ತು. ನನ್ನನ್ನೇ "ಯಾರಪ್ಪ ನೀನು?" ಅಂದರು. ಮೀಟರಿನಲ್ಲಿ ಶುಗರ್ 46, ತೀರಾ ಕಮ್ಮಿ. ಪುಣ್ಯಕ್ಕೆ ನುಂಗುವ ಶಕ್ತಿ ಇತ್ತು, ಸಕ್ಕರೆ ನೀರು ಕುಡಿಸಿದೆವು.

ಆ ಮಾತ್ರೆ ಗ್ಲಿಮೆಪಿರೈಡ್. ನೀವು ಉಣ್ಣಿ, ಬಿಡಿ, ಅದು ಮೈಯೊಳಗೆ ಶುಗರ್ ಇಳಿಸುವ ಇನ್ಸುಲಿನ್ ಹಿಂಡಿ ಬಿಡುತ್ತಲೇ ಇರುತ್ತದೆ. ವಯಸ್ಸಾದವರಿಗೆ, ಕಿಡ್ನಿ ಸೋತವರಿಗೆ ಅಪಾಯ ಜಾಸ್ತಿ. ಅಮ್ಮನ ಕ್ರಿಯಾಟಿನಿನ್ (ಕಿಡ್ನಿ ಸೋತಾಗ ರಕ್ತದಲ್ಲಿ ಹೆಚ್ಚುವ ಅಂಶ) ಏರಿದೆ ಅಂತ ನಮಗೆ ಗೊತ್ತಾದದ್ದೇ ಆಮೇಲೆ. ಅಲ್ಲಿವರೆಗೆ ಆ ಪರೀಕ್ಷೆಗೆ ಯಾರೂ ಬರೆದುಕೊಟ್ಟಿರಲಿಲ್ಲ.

ಡಾಕ್ಟರನ್ನು ಬೈಯಲಾರೆ. ನಮ್ಮೂರ ಸರ್ಕಾರಿ ಆಸ್ಪತ್ರೆಯ ಕಪಾಟಿನಲ್ಲಿ ಇರುವುದೇ ಎರಡು, ಮೆಟ್‌ಫಾರ್ಮಿನ್ ಮತ್ತು ಇದು. ಮೆಟ್‌ಫಾರ್ಮಿನ್ ಬಗ್ಗೆ ನನ್ನ ತಕರಾರಿಲ್ಲ. ಹೊಟ್ಟೆ ಸ್ವಲ್ಪ ಕೆಡಿಸುತ್ತದೆ, ಕಿಡ್ನಿ ತೀರಾ ಕೆಟ್ಟವರಿಗೆ ಆಗದು, ಉಳಿದಂತೆ ಹಳೇ ಎತ್ತಿನ ಹಾಗೆ ನಂಬಬಹುದು. ಅದೊಂದೇ ಸಾಲದಿದ್ದಾಗ ಎರಡನೆಯದು ಯಾವುದು ಅನ್ನೋದೇ ಪ್ರಶ್ನೆ.

ಬೇರೆಯವು ದುಬಾರಿ ಅನ್ನೋ ಕಾಲ ಹೋಯಿತು ಸ್ವಾಮಿ. ಸಿಟಾಗ್ಲಿಪ್ಟಿನ್ ಅನ್ನೋ ಶುಗರ್ ಮಾತ್ರೆಯ ಪೇಟೆಂಟ್, ಅಂದರೆ ಒಂದೇ ಕಂಪನಿಗಿದ್ದ ಹಕ್ಕು, 2022ರಲ್ಲಿ ಮುಗಿಯಿತು. ಅದೇ ವರ್ಷ ಜನೌಷಧಿಯಲ್ಲಿ ಹತ್ತು ಮಾತ್ರೆಗೆ 60 ರೂಪಾಯಿ ಆಯಿತು. ಅದೊಂದೇ ತೆಗೆದುಕೊಂಡರೆ ಶುಗರ್ ಹೀಗೆ ಪಾತಾಳಕ್ಕೆ ಇಳಿಯುವುದು ಅಪರೂಪ. ಡಾಪಾಗ್ಲಿಫ್ಲೋಜಿನ್ ಅನ್ನೋ ಇನ್ನೊಂದು ಶುಗರ್ ಮಾತ್ರೆಯ ಮೊದಲ ಪೇಟೆಂಟ್ 2020ರಲ್ಲೇ ಮುಗಿಯಿತು, ಅದೇ ಜಾತಿಯ ಎಂಪಾಗ್ಲಿಫ್ಲೋಜಿನ್‌ನದು 2025ರ ಮಾರ್ಚಿನಲ್ಲಿ. ಇವೆರಡೂ ಹಾರ್ಟ್ ಫೇಲ್ಯೂರ್ ಇದ್ದವರನ್ನೂ ಕಿಡ್ನಿಯನ್ನೂ ಕಾಯುತ್ತವೆ. ಮೂತ್ರದ ಜಾಗದಲ್ಲಿ ನವೆ, ಸೋಂಕು ಬರಬಹುದು. ವಾಂತಿ ಭೇದಿ ಆದಾಗ ನಿಲ್ಲಿಸಬೇಕು. ಅದನ್ನೆಲ್ಲ ರೋಗಿಗೆ ಬಾಯಿಬಿಟ್ಟು ಹೇಳಬೇಕು, ಸುಮ್ನೆ ಚೀಟಿ ಕೊಟ್ಟರಾಗದು.

2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿಗೇ ಬಂದು ಶುಗರ್ ನೋಡುತ್ತಾರೆ. ಒಳ್ಳೆಯ ಕೆಲಸ. ಅದರ ಜೊತೆಗೆ ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಮುಂದಿನ ಟೆಂಡರಿನಲ್ಲಿ ಈ ಮಾತ್ರೆಗಳನ್ನು ಹಳ್ಳಿ ಆಸ್ಪತ್ರೆಗೂ ಸೇರಿಸಿ.

ಅಮ್ಮನಿಗೆ ಈಗ ಸಿಟಾಗ್ಲಿಪ್ಟಿನ್, ಕಿಡ್ನಿ ನೋಡಿ ಕಮ್ಮಿ ಡೋಸು, ಹೊರಗಿನಿಂದ ತರುತ್ತೇವೆ. ಪಕ್ಕದ ಮನೆಯ ಅಜ್ಜಿ ಮಾತ್ರ ಇನ್ನೂ ಅದೇ ಆಸ್ಪತ್ರೆಯ ಅದೇ ಮಾತ್ರೆ ನುಂಗುತ್ತಿದ್ದಾರೆ. ಅವರೂ ಏಕಾದಶಿ ಬಿಡುವವರಲ್ಲ.

ಇಂತಿ,
ಶುಗರ್ ಇರುವ ತಾಯಿಯ ಮಗ